ಅಳತೆಯ ಚೀಟಿ ಕೊಡುವ ಅಂಗಡಿ: ಕಲಬುರಗಿಯ ಒಂದು ವೀಲ್ ಅಲೈನ್‌ಮೆಂಟ್ ಕೇಂದ್ರದ ಪರಿಶೀಲನೆ

ಕಲಬುರಗಿಯಲ್ಲಿ ವೀಲ್ ಅಲೈನ್‌ಮೆಂಟ್, ಅಂದರೆ ಕಾರಿನ ಚಕ್ರಗಳ ಓರೆಯನ್ನು ಅಳೆದು ಸರಿಹೊಂದಿಸುವ ಕೆಲಸ, ಮಾಡುವ ಅಂಗಡಿಗಳಿಗೆ ಬರವಿಲ್ಲ. ಜೇವರ್ಗಿ ರಸ್ತೆ, ಸೇಡಂ ರಸ್ತೆ, ಆಳಂದ ರಸ್ತೆ, ಯಾವ ಕಡೆ ಹೊರಟರೂ ಟೈರ್ ಮಾರುವವರ ಫಲಕದ ಮೇಲೆ ‘ಕಂಪ್ಯೂಟರೈಸ್ಡ್ ತ್ರೀಡಿ ಅಲೈನ್‌ಮೆಂಟ್’ ಎಂಬ ಮಾತು ಕಣ್ಣಿಗೆ ಬೀಳುತ್ತದೆ. ಬರವಿರುವುದು, ಕೆಲಸಕ್ಕೆ ಮೊದಲು ಅಳತೆ ಎಷ್ಟಿತ್ತು, ಕೆಲಸ ಮುಗಿದ ಮೇಲೆ ಎಷ್ಟಕ್ಕೆ ಬಂತು ಎಂಬ ಚೀಟಿಯನ್ನು ಗ್ರಾಹಕ ಕೇಳುವ ಮೊದಲೇ ಅವನ ಕೈಗಿಡುವ ಅಂಗಡಿಗಳಿಗೆ. ಹುಮನಾಬಾದ್ ರಸ್ತೆಯ ಬದಿಗಿರುವ ಅಂಥದೊಂದು ಅಂಗಡಿಯಲ್ಲಿ ನಮ್ಮ ಮನೆಯ ಡಿಜೈರ್ ಕಾರಿಗೆ ಮಾಡಿಸಿದ ಕೆಲಸವನ್ನೂ, ಆ ಅಳತೆಯನ್ನು ಮನೆಯಲ್ಲಿ ದಾರ ಕಟ್ಟಿ ಪರೀಕ್ಷಿಸಿದಾಗ ಕಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಯ ಹೆಸರನ್ನು ಬರೆದರೆ ಅದು ಜಾಹೀರಾತಾಗುತ್ತದೆ. ಅಲ್ಲಿಯ ಕೆಲಸದ ಕ್ರಮವನ್ನು ಬರೆದರೆ ಓದುವವರು ತಮ್ಮ ಊರಿನ ಯಾವ ಅಂಗಡಿಯನ್ನಾದರೂ ಅದರೊಂದಿಗೆ ತೂಗಿ ನೋಡಬಹುದು. ಆದ್ದರಿಂದ ಹೆಸರನ್ನು ಬಿಟ್ಟಿದ್ದೇನೆ.

ನಮ್ಮ ಭಾಗದಲ್ಲಿ ಈ ಕೆಲಸದ ಅಗತ್ಯ ಉಳಿದ ಕಡೆಗಿಂತ ಹೆಚ್ಚೇ ಬೀಳುತ್ತದೆ ಎಂಬುದು ನನ್ನ ಅಭಿಪ್ರಾಯ. ಕಪ್ಪು ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎಷ್ಟೇ ಗಟ್ಟಿಯಿದ್ದರೂ ಒಂದೆರಡು ಮಳೆಗಾಲ ಕಳೆಯುವುದರೊಳಗೆ ಅಲೆಅಲೆಯಾಗಿ ಏರಿಳಿಯತೊಡಗುತ್ತದೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಲಾರಿಗಳು, ಆಳಂದ ಮತ್ತು ಅಫಜಲಪುರದ ಕಡೆಯಿಂದ ಬರುವ ಕಬ್ಬಿನ ಟ್ರ್ಯಾಕ್ಟರುಗಳು ಉಳಿದ ಕೆಲಸವನ್ನು ಮುಗಿಸುತ್ತವೆ. ಹಳ್ಳಿಯೊಂದರ ಮುಂದೆ ಬಣ್ಣವೂ ಬಳಿಯದ, ಫಲಕವೂ ಇಲ್ಲದ ಹಂಪಿನ ಮೇಲೆ ಮುಂದಿನ ಚಕ್ರಗಳು ಧಡ್ಡನೆ ಬಿದ್ದಾಗ ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡು ಕೂದಲೆಳೆಯಷ್ಟು ಬಾಗಿದರೂ ಸಾಕು, ಅದರ ಫಲ ಟೈರಿನ ಮೇಲೆ ತಿಂಗಳುಗಟ್ಟಲೆ ಬರೆಯುತ್ತಾ ಹೋಗುತ್ತದೆ.

ನಮ್ಮ ಕಾರಿನಲ್ಲಿ ಕಾಣಿಸಿಕೊಂಡದ್ದು ಎರಡು ಲಕ್ಷಣ. ನೇರವಾದ ರಸ್ತೆಯಲ್ಲಿ ಕಾರು ನೇರವಾಗಿಯೇ ಹೋಗುತ್ತಿತ್ತು, ಆದರೆ ಸ್ಟೇರಿಂಗ್ ಚಕ್ರ ಮಾತ್ರ ಬಲಕ್ಕೆ ಸ್ವಲ್ಪ ವಾಲಿರುತ್ತಿತ್ತು. ಮುಂದಿನ ಟೈರುಗಳ ಒಳಅಂಚು ಹೊರಅಂಚಿಗಿಂತ ಬೇಗ ಸವೆದಿತ್ತು. ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ ಒಂದು ಕಡೆಗೆ ಸವರಿದರೆ ನುಣುಪು, ಮರಳಿ ಸವರಿದರೆ ಗರಗಸದ ಹಲ್ಲಿನಂತೆ ತಡೆಯುತ್ತಿತ್ತು. ಇದು ಟೋ, ಅಂದರೆ ಚಕ್ರಗಳು ಮುಖ ಮಾಡಿರುವ ದಿಕ್ಕು, ತಪ್ಪಿದ್ದರ ಗುರುತು. ಅಂಗಡಿಗೆ ಬರುವವರಲ್ಲಿ ಬಹಳ ಮಂದಿ ‘ಗಾಡಿ ಎಡಕ್ಕ ಎಳೀತದ್ರಿ’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ದೋಷಗಳನ್ನು ಸೇರಿಸಿಬಿಡುತ್ತಾರೆ. ಸ್ಟೇರಿಂಗ್ ಬಿಟ್ಟರೆ ಕಾರು ತಾನಾಗಿಯೇ ಒಂದು ಬದಿಗೆ ಸರಿಯುವುದು ಒಂದು. ಸ್ಟೇರಿಂಗ್ ವಾಲಿಕೊಂಡೇ ಕಾರು ನೇರ ಹೋಗುವುದು ಇನ್ನೊಂದು. ಮೊದಲನೆಯದಕ್ಕೆ ಎಡಬಲದ ಕ್ಯಾಂಬರ್ ಅಥವಾ ಕ್ಯಾಸ್ಟರ್ (ಇವೂ ಚಕ್ರದ ಕೋನಗಳೇ, ಮುಂದೆ ಹೇಳುತ್ತೇನೆ) ವ್ಯತ್ಯಾಸ, ಹವಾ ಕಡಿಮೆಯಾದ ಟೈರು, ಹಿಡಿದುಕೊಂಡ ಬ್ರೇಕು, ಟೈರಿನ ಒಳಗಿನ ಕಟ್ಟುವಿಕೆಯ ದೋಷ, ಹೀಗೆ ಹಲವು ಕಾರಣಗಳಿರುತ್ತವೆ. ಮುಂದಿನ ಎರಡು ಟೈರುಗಳನ್ನು ಎಡದಿಂದ ಬಲಕ್ಕೆ ಅದಲುಬದಲು ಮಾಡಿ ನೋಡಿದಾಗ ಎಳೆತದ ದಿಕ್ಕೂ ಬದಲಾದರೆ ದೋಷ ಟೈರಿನದು, ಅಲೈನ್‌ಮೆಂಟಿನದಲ್ಲ. ಅದರ ಮೇಲೆ, ಮಳೆನೀರು ಹರಿದುಹೋಗಲೆಂದು ನಮ್ಮ ರಸ್ತೆಗಳಿಗೆ ಅಂಚಿನ ಕಡೆಗೆ ಶೇಕಡಾ 2ರ ಆಸುಪಾಸಿನ ಇಳಿಜಾರು ಕೊಟ್ಟಿರುತ್ತಾರೆ; ಎಡಬದಿಯಲ್ಲಿ ಓಡುವ ಎಲ್ಲ ಕಾರುಗಳೂ ಸ್ವಲ್ಪ ಎಡಕ್ಕೆ ಜಾರುವುದು ಆ ಇಳಿಜಾರಿನಿಂದ. ಇನ್ನು 80-100 ಕಿ.ಮೀ. ವೇಗದಲ್ಲಿ ಸ್ಟೇರಿಂಗ್ ನಡುಗುವುದು ಬ್ಯಾಲೆನ್ಸಿಂಗಿನ, ಅಂದರೆ ಚಕ್ರದ ಸುತ್ತಲಿನ ತೂಕವನ್ನು ಸಮ ಮಾಡುವ, ವಿಷಯ. ಅದಕ್ಕೆ ಅಲೈನ್‌ಮೆಂಟ್ ಮಾಡಿಸಿದರೆ ನಡುಕ ಹಾಗೆಯೇ ಉಳಿಯುತ್ತದೆ.

ಅಳೆಯುವುದು ಏನನ್ನು ಎಂಬುದನ್ನು ಚುಟುಕಾಗಿ ಹೇಳಬೇಕು. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂಭಾಗ ಒಂದಕ್ಕೊಂದು ಹತ್ತಿರವಾಗಿದ್ದರೆ ಟೋ-ಇನ್, ದೂರವಾಗಿದ್ದರೆ ಟೋ-ಔಟ್. ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಬದಿಯಿಂದ ನೋಡಿದಾಗ ಚಕ್ರ ಯಾವ ರೇಖೆಯ ಸುತ್ತ ತಿರುಗುತ್ತದೆಯೋ ಆ ರೇಖೆ ಹಿಂದಕ್ಕೆ ಬಾಗಿರುವುದು ಕ್ಯಾಸ್ಟರ್. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವುದರಲ್ಲಿ ಅದರ ಪಾಲು ದೊಡ್ಡದು. ಅಳತೆಗಳು ಡಿಗ್ರಿ ಮತ್ತು ಮಿನಿಟುಗಳಲ್ಲಿರುತ್ತವೆ, ಡಿಗ್ರಿಯ 60ನೇ ಒಂದು ಭಾಗ ಒಂದು ಮಿನಿಟು. ನಮ್ಮಂಥ ಸಣ್ಣ ಕಾರುಗಳಲ್ಲಿ, ಅಂದರೆ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ಟು (ಸ್ಪ್ರಿಂಗು, ಶಾಕಪ್ಪು ಕೂಡಿದ ಕಂಬ), ಹಿಂದೆ ಎರಡೂ ಚಕ್ರಗಳನ್ನು ಸೇರಿಸುವ ಒಂದೇ ತಿರುಚು ತೊಲೆ ಇರುವ ಕಾರುಗಳಲ್ಲಿ, ಪಾನಾ ಹಾಕಿ ಸುಲಭವಾಗಿ ಬದಲಿಸಬಹುದಾದದ್ದು ಮುಂದಿನ ಚಕ್ರಗಳ ಟೋ ಒಂದನ್ನೇ. ಉಳಿದದ್ದನ್ನೆಲ್ಲ ಅಳೆಯುವುದು ಏನಾದರೂ ಬಾಗಿದೆಯೇ, ಮುರಿದಿದೆಯೇ ಎಂದು ತಿಳಿಯಲಿಕ್ಕಾಗಿ. ಈ ಒಂದು ವಿಷಯ ತಿಳಿದಿದ್ದರೆ ಅಂಗಡಿಯಲ್ಲಿ ಅರ್ಧ ವ್ಯಾಪಾರದ ಮಾತುಗಳು ತಾನಾಗಿಯೇ ಕಳಚಿಬೀಳುತ್ತವೆ.

ಈ ಅಂಗಡಿಯ ಬಗ್ಗೆ ನನಗೆ ವಿಶ್ವಾಸ ಹುಟ್ಟಿದ್ದು ಕಾರು ರ್ಯಾಂಪಿನ ಮೇಲೆ ಹತ್ತುವ ಮೊದಲೇ. ಕೆಲಸ ಮಾಡುವ ಹುಡುಗ ಮೊದಲು ಚಾಲಕನ ಬಾಗಿಲನ್ನು ತೆರೆದು, ಆ ಬಾಗಿಲಿನ ಕಂಬದ ಮೇಲೆ ಕಂಪನಿಯವರು ಅಂಟಿಸಿದ ಚೀಟಿಯಲ್ಲಿ ಹವಾ ಎಷ್ಟಿರಬೇಕು ಎಂಬುದನ್ನು ಓದಿಕೊಂಡು, ನಾಲ್ಕೂ ಟೈರುಗಳನ್ನು ಅದಕ್ಕೆ ಸರಿಹೊಂದಿಸಿದ. ಒಂದು ಟೈರಿನಲ್ಲಿ ಹವಾ ಕಡಿಮೆಯಿದ್ದರೆ ಕಾರು ಆ ಮೂಲೆಗೆ ತಗ್ಗುತ್ತದೆ, ತಗ್ಗಿದ ಕಾರಿನ ಕ್ಯಾಂಬರೂ ಟೋವೂ ಬೇರೆಯೇ ಆಗಿರುತ್ತವೆ. ಈ ಹೆಜ್ಜೆಯನ್ನು ಬಿಟ್ಟು ಮಾಡಿದ ಅಳತೆ ಲಕ್ಷಗಟ್ಟಲೆ ಬೆಲೆಯ ಯಂತ್ರದಿಂದ ಬಂದರೂ ಪ್ರಯೋಜನವಿಲ್ಲ. ಆಮೇಲೆ ಕಾರನ್ನು ಎತ್ತಿ ಒಂದೊಂದು ಚಕ್ರವನ್ನೂ ಮೇಲೆ ಕೆಳಗೆ ಹಿಡಿದು ಅಲುಗಿಸಿದ, ನಂತರ ಎಡಬಲದಲ್ಲಿ ಹಿಡಿದು ಅಲುಗಿಸಿದ. ಮೇಲೆ ಕೆಳಗೆ ಹಿಡಿದಾಗ ಸಡಿಲ ಕಂಡರೆ ಬೇರಿಂಗಿನದೋ ಬಾಲ್ ಜಾಯಿಂಟಿನದೋ, ಎಡಬಲದಲ್ಲಿ ಕಂಡರೆ ಟೈ ರಾಡಿನ ಎರಡು ತುದಿಗಳ ಜಾಯಿಂಟುಗಳದು, ಅಂದರೆ ಟೈ ರಾಡ್ ಎಂಡಿನದೋ ರ್ಯಾಕ್ ಎಂಡಿನದೋ. ಕೊನೆಗೆ ಉದ್ದನೆಯ ಸಲಾಕೆಯನ್ನು ಎಡಗಡೆಯ ಲೋವರ್ ಆರ್ಮಿನ, ಅಂದರೆ ಚಕ್ರವನ್ನು ಕಾರಿನ ಮೈಗೆ ಸೇರಿಸುವ ಕೆಳಗಿನ ತೋಳಿನ, ರಬ್ಬರ್ ಬುಷ್ಷಿನ ಹತ್ತಿರ ಇಟ್ಟು ಮೀಟಿದಾಗ ರಬ್ಬರು ಬಾಯಿ ಬಿಟ್ಟಿದ್ದು ನನಗೂ ಕಂಡಿತು.

‘ಬುಷ್ ಹಾಕಿಸ್ಕೊಂಡ್ ಬರ್ರಿ ಸರ. ಈಗ ಅಲೈನ್‌ಮೆಂಟ್ ಮಾಡಿದ್ರ ನಿಮ್ ರೊಕ್ಕ ದಂಡ ಆಗ್ತದ’ ಎಂದ.

ಬುಷ್ ಹರಿದ ಆರ್ಮು ಬ್ರೇಕ್ ಹಾಕಿದಾಗಲೊಮ್ಮೆ, ವೇಗ ಹೆಚ್ಚಿಸಿದಾಗಲೊಮ್ಮೆ ಹಿಂದೆ ಮುಂದೆ ಸರಿಯುತ್ತದೆ; ರ್ಯಾಂಪಿನ ಮೇಲೆ ಹೊಂದಿಸಿದ ಟೋ ರಸ್ತೆಯಲ್ಲಿ ನಿಲ್ಲುವುದಿಲ್ಲ. ಬುಷ್ ಹಾಕುವ ಕೆಲಸ ಆ ಅಂಗಡಿಯಲ್ಲಿ ಇಲ್ಲ. ಕೈಗೆ ಬಂದ ಗಿರಾಕಿಯನ್ನು ಹಾಗೆ ಮರಳಿ ಕಳಿಸುವುದು ಟೈರ್ ವ್ಯಾಪಾರದಲ್ಲಿ ಸಾಮಾನ್ಯ ಸಂಗತಿಯಲ್ಲ. ಮೆಕ್ಯಾನಿಕ್ಕಿನ ಹತ್ತಿರ ಬುಷ್ ಬದಲಿಸಿಕೊಂಡು ಮತ್ತೆ ಅಲ್ಲಿಗೇ ಹೋದದ್ದಕ್ಕೆ ಈ ನಡತೆಯೇ ಕಾರಣ.

ಅಲ್ಲಿರುವುದು ಕ್ಯಾಮೆರಾ ಆಧಾರಿತ ಯಂತ್ರ. ಕಾರಿನ ಎದುರಿಗೆ ಕಂಬದ ಮೇಲೆ ಅಡ್ಡಲಾಗಿ ನಿಲ್ಲಿಸಿದ ತೊಲೆಯ ಎರಡು ತುದಿಗಳಲ್ಲಿ ಕ್ಯಾಮೆರಾಗಳು. ನಾಲ್ಕು ಚಕ್ರಗಳಿಗೂ ಕ್ಲ್ಯಾಂಪ್ ಹಿಡಿಸಿ, ಅದಕ್ಕೆ ಕಪ್ಪು ಹಲಗೆಯ ಮೇಲೆ ಬಿಳಿ ಚುಕ್ಕೆಗಳಿರುವ ಟಾರ್ಗೆಟ್ಟುಗಳನ್ನು ಕೂರಿಸುತ್ತಾರೆ. ಸಿಸಿಡಿ ಎಂಬ ಬೆಳಕಿನ ಸೆನ್ಸರ್ ಬಳಸುವ ಹಳೆಯ ಯಂತ್ರಗಳಲ್ಲಿ ಚಕ್ರದ ಮೇಲೆ ವಿದ್ಯುತ್ ಉಪಕರಣಗಳೇ ಕೂರುತ್ತಿದ್ದವು, ಅವು ಒಂದರ ಜೊತೆ ಒಂದು ಅತಿಗೆಂಪು ಕಿರಣಗಳ ಮೂಲಕ ಲೆಕ್ಕ ಹಾಕುತ್ತಿದ್ದವು. ಕೈಜಾರಿ ಒಂದು ಬಿದ್ದರೆ ದೊಡ್ಡ ನಷ್ಟ. ಟಾರ್ಗೆಟ್ಟಿನಲ್ಲಿ ಅಂಥ ಉಪಕರಣ ಏನೂ ಇಲ್ಲ, ಲೆಕ್ಕವೆಲ್ಲ ಕ್ಯಾಮೆರಾ ಮತ್ತು ಕಂಪ್ಯೂಟರಿನದು. ಇಂಥ ಯಂತ್ರಗಳು ಹೊರದೇಶಗಳಿಂದಲೂ ಬರುತ್ತವೆ, ಪುದುಚೇರಿಯ ಮನಾಟೆಕ್‌ನಂಥ ನಮ್ಮ ದೇಶದ ಕಂಪನಿಗಳೂ ತಯಾರಿಸುತ್ತವೆ. ಯಾವುದರ ಹೆಸರಿದೆ ಎಂಬುದಕ್ಕಿಂತ ಟಾರ್ಗೆಟ್ಟುಗಳ ಮುಖ ಸ್ವಚ್ಛವಾಗಿದೆಯೇ, ಕ್ಲ್ಯಾಂಪಿನ ಉಗುರುಗಳು ರಿಮ್ಮಿನ ಅಂಚಿಗೆ ಸರಿಯಾಗಿ ಕೂತಿವೆಯೇ ಎಂದು ನೋಡುವುದು ಲೇಸು. ನಮ್ಮ ಕಾರಿಗೆ ಕಬ್ಬಿಣದ ರಿಮ್ಮು, ಮೇಲೆ ಪ್ಲಾಸ್ಟಿಕ್ಕಿನ ವೀಲ್ ಕ್ಯಾಪು. ಕ್ಯಾಪನ್ನು ತೆಗೆಯದೆ ಅದರ ಮೇಲೆಯೇ ಕ್ಲ್ಯಾಂಪ್ ಒತ್ತುವವರನ್ನೂ ನೋಡಿದ್ದೇನೆ. ಇಲ್ಲಿ ಮೊದಲು ನಾಲ್ಕೂ ಕ್ಯಾಪುಗಳನ್ನು ಬಿಚ್ಚಿ ಡಿಕ್ಕಿಯಲ್ಲಿಟ್ಟರು.

ಟಾರ್ಗೆಟ್ಟು ಕೂರಿಸಿದ ಮೇಲೆ ಇಬ್ಬರು ಸೇರಿ ಕಾರನ್ನು ಒಂದಡಿಯಷ್ಟು ಹಿಂದಕ್ಕೆ ತಳ್ಳಿ, ಮತ್ತೆ ಮುಂದಕ್ಕೆ ತಂದರು. ನೋಡುವವರಿಗೆ ಇದು ಸುಮ್ಮನೆ ಜಾಗ ಸರಿಮಾಡಿದಂತೆ ಕಾಣುತ್ತದೆ, ಆದರೆ ಇಡೀ ಅಳತೆಯ ಜೀವ ಇಲ್ಲಿದೆ. ರಿಮ್ಮು ಸ್ವಲ್ಪ ಸೊಟ್ಟಗಿದ್ದರೆ, ಕ್ಲ್ಯಾಂಪು ಒಂದಿಷ್ಟು ಓರೆಯಾಗಿ ಕೂತಿದ್ದರೆ, ಆ ಓರೆಯನ್ನೇ ಯಂತ್ರ ಚಕ್ರದ ಓರೆಯೆಂದು ಓದಿಬಿಡುವ ಅಪಾಯವಿದೆ. ಚಕ್ರ ಉರುಳುವಾಗ ಟಾರ್ಗೆಟ್ಟಿನ ಚುಕ್ಕೆಗಳು ಗಾಳಿಯಲ್ಲಿ ಬಿಡಿಸುವ ಕಮಾನನ್ನು ಕ್ಯಾಮೆರಾ ಹಿಂಬಾಲಿಸಿ, ಚಕ್ರ ನಿಜವಾಗಿ ಯಾವ ಅಚ್ಚಿನ ಸುತ್ತ ತಿರುಗುತ್ತಿದೆ ಎಂಬುದನ್ನು ಕಂಡುಹಿಡಿಯುತ್ತದೆ; ಆಮೇಲೆ ಕ್ಲ್ಯಾಂಪಿನ ಓರೆ ಲೆಕ್ಕದಿಂದ ಹೊರಗೆ ಬೀಳುತ್ತದೆ. ರನ್‌ಔಟ್ ಸರಿಪಡಿಸುವುದು ಎಂದು ಇದಕ್ಕೆ ಹೇಳುತ್ತಾರೆ. ಗಡಿಬಿಡಿಯಲ್ಲಿ ಇದನ್ನು ದಾಟಿಸಿಬಿಡಲು ಕೆಲವು ಯಂತ್ರಗಳಲ್ಲಿ ಒಂದು ಗುಂಡಿಯೂ ಇರುತ್ತದೆ. ಮುಂದಿನ ಚಕ್ರಗಳು ತಿರುಗುವ ತಟ್ಟೆಗಳ ಮೇಲೂ ಹಿಂದಿನವು ಜಾರುವ ತಟ್ಟೆಗಳ ಮೇಲೂ ನಿಂತಾದ ಮೇಲೆ ತಟ್ಟೆಗಳ ಪಿನ್ನುಗಳನ್ನು ತೆಗೆದರು. ಬಾನೆಟ್ಟನ್ನೂ ಡಿಕ್ಕಿಯನ್ನೂ ಒತ್ತಿ ಒತ್ತಿ ಬಿಟ್ಟು ಸಸ್ಪೆನ್ಶನ್ ತನ್ನ ಸಹಜ ಎತ್ತರಕ್ಕೆ ಬರುವಂತೆ ಮಾಡಿದರು. ಎಂಜಿನ್ ಚಾಲೂ ಇಟ್ಟು ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಆಡಿಸಿ, ನಡುಮಧ್ಯಕ್ಕೆ ತಂದು, ಸೀಟಿಗೂ ಸ್ಟೇರಿಂಗಿಗೂ ನಡುವೆ ಆನಿಕೆ ಕೊಟ್ಟು ಬಿಗಿದರು.

ಚೀಟಿಯ ಎಡಗಡೆಯ ಕಾಲಂನಲ್ಲಿ ಮೊದಲಿನ ಅಳತೆ ಹೀಗಿತ್ತು: ಮುಂದಿನ ಎಡ ಚಕ್ರದ ಟೋ ಮೈನಸ್ 18 ಮಿನಿಟು, ಬಲ ಚಕ್ರದ್ದು ಪ್ಲಸ್ 6 ಮಿನಿಟು, ಒಟ್ಟು ಮೈನಸ್ 12. ಪ್ಲಸ್ ಅಂದರೆ ಚಕ್ರ ಒಳಕ್ಕೆ ಮುಖ ಮಾಡಿದೆ, ಮೈನಸ್ ಅಂದರೆ ಹೊರಕ್ಕೆ. ಎಡ ಚಕ್ರ ಹೊರಕ್ಕೆ ಅಂದರೆ ಎಡಕ್ಕೆ ನೋಡುತ್ತಿದೆ, ಬಲ ಚಕ್ರ ಒಳಕ್ಕೆ ಅಂದರೆ ಅದೂ ಎಡಕ್ಕೇ ನೋಡುತ್ತಿದೆ. ಎರಡರ ಸರಾಸರಿ 12 ಮಿನಿಟು ಎಡಕ್ಕೆ. ಕಾರು ನೇರ ಹೋಗಬೇಕಾದರೆ ಚಾಲಕ ಅಷ್ಟನ್ನು ಬಲಕ್ಕೆ ತಿರುಗಿಸಿಯೇ ಹಿಡಿಯಬೇಕು. ಸ್ಟೇರಿಂಗ್ ಸುಮಾರು 15 ಡಿಗ್ರಿ ತಿರುಗಿದರೆ ಚಕ್ರ 1 ಡಿಗ್ರಿ ತಿರುಗುತ್ತದೆ ಎಂದು ಹಿಡಿದರೆ, 12 ಮಿನಿಟಿಗೆ ಸ್ಟೇರಿಂಗ್ ವಾಲುವುದು 3 ಡಿಗ್ರಿ. ಕಣ್ಣಿಗೆ ಕಂಡಿದ್ದ ವಾಲಿಕೆಯೂ ಹೆಚ್ಚುಕಡಿಮೆ ಅಷ್ಟೇ. ಹೀಗೆ ತಿರುಗಿಸಿ ಹಿಡಿದ ಮೇಲೆ ಎರಡೂ ಚಕ್ರಗಳ ಪಾಲಿಗೆ ತಲಾ 6 ಮಿನಿಟು ಟೋ-ಔಟ್ ಉಳಿಯುತ್ತದೆ. ಆರು ಮಿನಿಟು ಅಂದರೆ ಡಿಗ್ರಿಯ ಹತ್ತನೇ ಒಂದು ಭಾಗ, ಕಣ್ಣಿಗೆ ಕಾಣುವ ಮಾತೇ ಇಲ್ಲ. ಆದರೆ ಅಷ್ಟು ಓರೆಯಾಗಿ ಉರುಳುವ ಟೈರು ಪ್ರತಿ ಕಿಲೋಮೀಟರಿಗೆ ಸುಮಾರು 1.75 ಮೀಟರಿನಷ್ಟು ಅಡ್ಡಲಾಗಿ ರಸ್ತೆಗೆ ತಿಕ್ಕಿಕೊಳ್ಳುತ್ತದೆ. ಕಲಬುರಗಿಯಿಂದ ಹುಮನಾಬಾದಿಗೆ ಸುಮಾರು 60 ಕಿ.ಮೀ.; ಒಂದು ಸಲ ಹೋಗುವುದರೊಳಗೆ ಒಂದೊಂದು ಟೈರೂ 100 ಮೀಟರಿನಷ್ಟು ಅಡ್ಡಕ್ಕೆ ಉಜ್ಜಿರುತ್ತದೆ. ಒಳಅಂಚಿನ ಸವೆತದ ಲೆಕ್ಕ ಅಲ್ಲಿಗೆ ಕೂಡಿತು.

ಹಿಂದಿನ ಚಕ್ರಗಳ ಟೋ ಎಡಕ್ಕೆ ಪ್ಲಸ್ 8, ಬಲಕ್ಕೆ ಪ್ಲಸ್ 16 ಇತ್ತು. ಎರಡರ ವ್ಯತ್ಯಾಸದ ಅರ್ಧ, ಅಂದರೆ 4 ಮಿನಿಟು, ಹಿಂದಿನ ಅಚ್ಚು ಕಾರನ್ನು ತಳ್ಳುವ ದಿಕ್ಕಿನ ಓರೆ. ಚೀಟಿಯಲ್ಲಿ ಅದಕ್ಕೆ ಥ್ರಸ್ಟ್ ಕೋನ ಎಂದಿರುತ್ತದೆ. ನಮ್ಮ ಕಾರಿನಲ್ಲಿ ಅದನ್ನು ಬದಲಿಸುವ ವ್ಯವಸ್ಥೆಯಿಲ್ಲ, ಇಷ್ಟು ಅಲ್ಪಕ್ಕೆ ಬೇಕಾಗಿಯೂ ಇಲ್ಲ. ಆದರೂ ಹಿಂದಿನ ಚಕ್ರಗಳಿಗೆ ಟಾರ್ಗೆಟ್ಟು ಹಾಕಿ ಅಳೆಯುವುದಕ್ಕೆ ಅರ್ಥವಿದೆ, ಏಕೆಂದರೆ ಮುಂದಿನ ಚಕ್ರಗಳನ್ನು ಹೊಂದಿಸಬೇಕಾದದ್ದು ಕಾರಿನ ನಡುಗೆರೆಗಲ್ಲ, ಹಿಂದಿನ ಅಚ್ಚು ತಳ್ಳುವ ಈ ಗೆರೆಗೆ. ಮುಂದಿನ ಎರಡನ್ನಷ್ಟೇ ಅಳೆದು ಮುಗಿಸುವ ಅಂಗಡಿಯಲ್ಲಿ ಟೋ ಸರಿಬಂದರೂ ಸ್ಟೇರಿಂಗ್ ವಾಲಿಯೇ ಉಳಿಯುವ ಸಾಧ್ಯತೆ ಇರುತ್ತದೆ.

ಹೊಂದಿಸುವ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ಗಳಿಗೆ. ಹುಡುಗ ಪಿಟ್ಟಿನೊಳಗೆ ಇಳಿದು, ಟೈ ರಾಡು ತಿರುಗದಂತೆ ಹಿಡಿದಿಡುವ ಚೆಕ್ ನಟ್ಟಿಗೆ ಸ್ವಲ್ಪ ಎಣ್ಣೆ ಬಿಟ್ಟು ಸಡಿಲಿಸಿದ. ರ್ಯಾಕಿನ ರಬ್ಬರ್ ಬೂಟು ತಿರುಚಿಕೊಳ್ಳಬಾರದೆಂದು ಅದರ ಕ್ಲಿಪ್ಪನ್ನು ಹಿಂದಕ್ಕೆ ಸರಿಸಿದ. ರಾಡಿಗೆ ಪಾನಾ ಹಾಕಿ ಒಂದಿಷ್ಟೇ ತಿರುಗಿಸಿದ. ಪರದೆಯ ಮೇಲಿನ ಕೆಂಪು ಹಸಿರಾಯಿತು. ಬಹಳ ಕಡೆ ಕೆಲಸ ಇಲ್ಲಿಗೆ ಮುಗಿಯುತ್ತದೆ, ನಟ್ಟನ್ನು ಬಿಗಿದು ಮೇಲೆ ಬರುತ್ತಾರೆ. ಆದರೆ ನಟ್ಟನ್ನು ಬಿಗಿಯುವಾಗ ಅದರ ಜೊತೆಗೆ ರಾಡೂ ತುಸು ತಿರುಗುತ್ತದೆ. ಈತ ಒಂದು ಪಾನಾದಿಂದ ರಾಡನ್ನು ಹಿಡಿದು ಇನ್ನೊಂದರಿಂದ ನಟ್ಟನ್ನು ಬಿಗಿಯುತ್ತಾ ಕಣ್ಣನ್ನು ಪರದೆಯ ಮೇಲೆಯೇ ಇಟ್ಟಿದ್ದ. ಕೊನೆಯ ಬಿಗಿತಕ್ಕೆ 4 ಮಿನಿಟು ಇದ್ದದ್ದು 7ಕ್ಕೆ ಹಾರಿತು. 7 ಕೂಡ ಹಸಿರಿನೊಳಗೇ ಇತ್ತು. ಆದರೂ ಆತ ನಟ್ಟನ್ನು ಮತ್ತೆ ಸಡಿಲಿಸಿ, ಆ ಹಾರಿಕೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಸ್ವಲ್ಪ ಹಿಂದೆ ನಿಲ್ಲಿಸಿ ಬಿಗಿದ. ಕೊನೆಯ ಅಳತೆ ಎಡಕ್ಕೆ ಪ್ಲಸ್ 4, ಬಲಕ್ಕೆ ಪ್ಲಸ್ 5 ಎಂದು ಅಚ್ಚಾಯಿತು.

ಕ್ಯಾಂಬರಿನ ವಿಷಯಕ್ಕೆ ಬಂದರೆ, ನಗರದ ಇನ್ನೊಂದು ಅಂಗಡಿಯಲ್ಲಿ ಇದಕ್ಕಿಂತ ಹಿಂದೆ ಇದೇ ಕಾರಿಗೆ ‘ಕ್ಯಾಂಬರ್ ಔಟ್ ಅದ’ ಎಂದು ಹೇಳಿ, ಬೇರೆ ಹಣ ಕೇಳಿ, ಜಾಕಿನಂಥ ಹೈಡ್ರಾಲಿಕ್ ಸಲಕರಣೆಯನ್ನು ಸ್ಟ್ರಟ್ಟಿಗೆ ಕೊಟ್ಟು ಬಾಗಿಸಿ ಸರಿಮಾಡುವುದಾಗಿ ಹೇಳಿದ್ದರು. ಚೀಟಿ ಕೇಳಿದರೆ ಪ್ರಿಂಟರ್ ಕೆಟ್ಟಿದೆ ಎಂಬ ಉತ್ತರ ಬಂದಿತ್ತು. ಈ ಬಾಗಿಸುವ ಪದ್ಧತಿ ನಮ್ಮಲ್ಲಿ ಎಷ್ಟು ಸಾಮಾನ್ಯವಾಗಿದೆಯೆಂದರೆ ದರಪಟ್ಟಿಯಲ್ಲೇ ಅದಕ್ಕೆ ಒಂದು ಸಾಲು ಇರುತ್ತದೆ. ಸ್ಟ್ರಟ್ಟು ಅಂದರೆ ಶಾಕಪ್ಪಿನ ಮೈ. ಅದನ್ನು ಒತ್ತಾಯದಿಂದ ಬಾಗಿಸಿದರೆ ಒಳಗಿನ ರಾಡು ಮತ್ತು ಸೀಲಿನ ಮೇಲೆ ಅಡ್ಡಬಲ ಬಿದ್ದು, ಎಣ್ಣೆ ಒಸರುವ ದಿನ ಹತ್ತಿರವಾಗುತ್ತದೆ. ಕ್ಯಾಂಬರ್ ನಿಜಕ್ಕೂ ಎಲ್ಲೆ ಮೀರಿದ್ದರೆ ಬಾಗಿರುವ ಭಾಗ ಯಾವುದು ಎಂದು ಹುಡುಕಿ ಅದನ್ನು ಬದಲಿಸಬೇಕು. ಸ್ಟ್ರಟ್ಟನ್ನೂ ಚಕ್ರ ಕೂರುವ ಸ್ಟೇರಿಂಗ್ ನಕ್ಕಲನ್ನೂ ಕೂಡಿಸುವ ಬೋಲ್ಟುಗಳ ತೂತಿನಲ್ಲಿರುವ ಅಲ್ಪ ಸಡಿಲವನ್ನು ಬಳಸಿಕೊಳ್ಳುವುದು ಇದ್ದುದರಲ್ಲಿ ಸಭ್ಯವಾದ ಇನ್ನೊಂದು ದಾರಿ. ಹುಮನಾಬಾದ್ ರಸ್ತೆಯ ಅಂಗಡಿಯಲ್ಲಿ ಮುಂದಿನ ಎಡ ಚಕ್ರದ ಕ್ಯಾಂಬರ್ ಮೈನಸ್ 25 ಮಿನಿಟು, ಬಲದ್ದು ಮೈನಸ್ 40 ಎಂದು ಬಂತು. ಎರಡೂ ಯಂತ್ರದ ಪಟ್ಟಿಯಲ್ಲಿ ನಮ್ಮ ಮಾದರಿಗೆ ಕೊಟ್ಟ ಎಲ್ಲೆಯೊಳಗಿದ್ದವು, ಎಡಬಲದ ವ್ಯತ್ಯಾಸವೂ ಕಾಲು ಡಿಗ್ರಿ ಮಾತ್ರ. ಮಾಲಕರು ಆ ಸಾಲಿನ ಮೇಲೆ ಬೆರಳಿಟ್ಟು ‘ಇದಕ್ಕ ಕೈ ಹಚ್ಚೂದ್ ಬ್ಯಾಡ್ರಿ’ ಎಂದರು. ಹಿಂದೆ ಹಣ ಕೇಳಿದ್ದು ಇದೇ ಕ್ಯಾಂಬರಿಗೆ ಎಂಬುದನ್ನು ನೆನೆದು ಚೀಟಿಯನ್ನು ಇನ್ನೊಮ್ಮೆ ಓದಿಕೊಂಡೆ.

ಯಂತ್ರ ಹೇಳಿದ್ದನ್ನೇ ವೇದವಾಕ್ಯವೆಂದು ನಂಬಬೇಕಾಗಿಲ್ಲ. ಟೋ ಅಳತೆಯನ್ನು ಮನೆಯಲ್ಲೇ ಪರೀಕ್ಷಿಸಲು ಗೌಂಡಿಗಳು ಬಳಸುವ ನೈಲಾನ್ ದಾರ, ದಾರ ಕಟ್ಟಲು ನಾಲ್ಕು ಸ್ಟ್ಯಾಂಡು, ಅರ್ಧ ಮಿ.ಮೀ. ಗುರುತಿರುವ ಸ್ಟೀಲ್ ಪಟ್ಟಿ ಸಾಕು. ನಮ್ಮ ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದೆ. ಕಣ್ಣಿಗೆ ಮಟ್ಟವಾಗಿ ಕಂಡರೂ ನೀರು ತುಂಬಿದ ಲೆವೆಲ್ ಪೈಪು ಇಟ್ಟು ನೋಡಿದರೆ ಮೋರಿಯ ಕಡೆಗೆ ಇಳಿಜಾರು ಇದ್ದೇ ಇರುತ್ತದೆ. ಕ್ಯಾಂಬರ್ ಅಳೆಯುವವರಿಗೆ ಈ ಇಳಿಜಾರು ದೊಡ್ಡ ತೊಡಕು, ಕಾರನ್ನು ಮುಖ ತಿರುಗಿಸಿ ನಿಲ್ಲಿಸಿ ಎರಡು ಸಲ ಅಳೆದು ಸರಾಸರಿ ತೆಗೆಯಬೇಕಾಗುತ್ತದೆ. ಟೋಗೆ ಅದು ಅಷ್ಟು ಅಡ್ಡಿಯಲ್ಲ. ಚಕ್ರದ ನಡುಮಟ್ಟಕ್ಕೆ ಕಾರಿನ ಎರಡೂ ಬದಿಗೆ ದಾರ ಎಳೆದು, ಎರಡು ದಾರಗಳ ನಡುವಿನ ಅಂತರ ಮುಂದೆಯೂ ಹಿಂದೆಯೂ ಒಂದೇ ಇರುವಂತೆ ಮಾಡಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಗಲ ಬಹುತೇಕ ಕಾರುಗಳಲ್ಲಿ ಒಂದೇ ಆಗಿರುವುದಿಲ್ಲ. ಆದ್ದರಿಂದ ದಾರವನ್ನು ನಾಲ್ಕೂ ಚಕ್ರಗಳಿಂದ ಒಂದೇ ದೂರಕ್ಕೆ ಕಟ್ಟಿದರೆ ಲೆಕ್ಕ ಕೆಡುತ್ತದೆ, ಎಡ ಮುಂದಿನದು ಬಲ ಮುಂದಿನದಕ್ಕೂ ಎಡ ಹಿಂದಿನದು ಬಲ ಹಿಂದಿನದಕ್ಕೂ ಸಮನಾಗಿದ್ದರೆ ಸಾಕು. ಕಾರನ್ನು ಒಂದೆರಡು ಮೀಟರು ಮುಂದಕ್ಕೆ ತಳ್ಳಿ ನಿಲ್ಲಿಸಬೇಕು, ಹಿಂದಕ್ಕೆ ಸರಿಸಿ ಅಳೆಯಬಾರದು; ಜಾಯಿಂಟುಗಳೆಲ್ಲ ಓಡುವಾಗ ಯಾವ ಕಡೆಗೆ ಒತ್ತಿಕೊಂಡಿರುತ್ತವೆಯೋ ಅದೇ ಕಡೆಗೆ ಒತ್ತಿಕೊಂಡಿರಬೇಕು. ಆಮೇಲೆ ದಾರದಿಂದ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಇರುವ ದೂರವನ್ನು ಅಳೆದು ಕಳೆದರೆ ಆ ಚಕ್ರದ ಟೋ ಮಿ.ಮೀ.ಗಳಲ್ಲಿ ಸಿಗುತ್ತದೆ. ಟೈರಿನ ಉಬ್ಬನ್ನು ಅಳೆಯಬಾರದು, ಅಲ್ಲಿ ಅಕ್ಷರಗಳೂ ಏರುತಗ್ಗುಗಳೂ ಇರುತ್ತವೆ. ಚಕ್ರವನ್ನು ಅರ್ಧ ಸುತ್ತು ಉರುಳಿಸಿ ಇನ್ನೊಮ್ಮೆ ಅಳೆದು ಸರಾಸರಿ ತೆಗೆದರೆ ರಿಮ್ಮಿನ ಸೊಟ್ಟೂ ಹೋಗುತ್ತದೆ. ಅಂಗಡಿಯ ಯಂತ್ರ ಕಾರನ್ನು ಉರುಳಿಸಿ ಮಾಡಿದ್ದೂ ಇದನ್ನೇ.

ಹದಿನಾಲ್ಕು ಇಂಚಿನ ರಿಮ್ಮಿಗೆ, ಅಂದರೆ ಸುಮಾರು 356 ಮಿ.ಮೀ.ಗೆ, 1 ಮಿ.ಮೀ. ವ್ಯತ್ಯಾಸ 10 ಮಿನಿಟಿಗೆ ತುಸು ಕಡಿಮೆ. ಚೀಟಿಯ ಪ್ರಕಾರ ಒಟ್ಟು ಟೋ 9 ಮಿನಿಟು ಇದ್ದದ್ದರಿಂದ ದಾರದಲ್ಲಿ ಎರಡೂ ಚಕ್ರ ಕೂಡಿ 1 ಮಿ.ಮೀ.ನ ಆಸುಪಾಸು ಬರಬೇಕಿತ್ತು, ಬಂದದ್ದೂ ಅಷ್ಟೇ. ಆದರೆ ಅರ್ಧ ಮಿ.ಮೀ. ಓದುವ ಪಟ್ಟಿಗೆ 5 ಮಿನಿಟಿಗಿಂತ ಸೂಕ್ಷ್ಮವಾದದ್ದು ಕಾಣುವುದಿಲ್ಲ. ಆದ್ದರಿಂದ ದಾರ ಹೇಳಿದ್ದು ಇಷ್ಟು: ಅಂಗಡಿಯ ಅಳತೆಯಲ್ಲಿ ದೊಡ್ಡ ತಪ್ಪಿಲ್ಲ, ದಿಕ್ಕು ಸರಿಯಿದೆ, ಎಡಬಲ ಹೆಚ್ಚುಕಡಿಮೆ ಸಮವಾಗಿದೆ. ರಸ್ತೆಯ ಮೇಲೆ ಸ್ಟೇರಿಂಗ್ ನೇರಕ್ಕೆ ನಿಂತದ್ದು ಅದಕ್ಕಿಂತ ಸೂಕ್ಷ್ಮವಾದ ಸಾಕ್ಷಿ.

ಕೊರತೆಗಳೂ ಇವೆ. ಕ್ಯಾಸ್ಟರ್ ಅಳೆಯಲು ಸ್ಟೇರಿಂಗನ್ನು ಎರಡೂ ಕಡೆಗೆ ಗೊತ್ತಾದಷ್ಟು ಡಿಗ್ರಿ ತಿರುಗಿಸಿ, ತಿರುಗುವಾಗ ಕ್ಯಾಂಬರ್ ಎಷ್ಟು ಬದಲಾಯಿತು ಎಂಬುದರಿಂದ ಲೆಕ್ಕ ಹಾಕಬೇಕು. ಅದಕ್ಕೆ ಚಕ್ರ ಉರುಳದಂತೆ ಬ್ರೇಕ್ ಪೆಡಲಿಗೆ ಆನಿಕೆ ಕೊಡುವುದೂ ಅಗತ್ಯ. ಇಲ್ಲಿ ಕೇಳಿದರೆ ಮಾತ್ರ ಇದನ್ನು ಮಾಡುತ್ತಾರೆ, ಕೇಳದವರ ಚೀಟಿಯಲ್ಲಿ ಆ ಸಾಲು ಖಾಲಿ. ಮುಂದಿನ ಚಕ್ರ ಗುಂಡಿಗೆ ಬಲವಾಗಿ ಬಿದ್ದ ಕಾರಿಗೆ ಕ್ಯಾಸ್ಟರ್ ನೋಡದೆ ಬಿಡುವುದು ಸರಿಯಲ್ಲ, ಏಕೆಂದರೆ ಆರ್ಮು ಹಿಂದಕ್ಕೆ ಬಾಗಿದ್ದರೆ ಅದು ಮೊದಲು ಗೊತ್ತಾಗುವುದು ಅಲ್ಲಿ. ಎರಡನೆಯದು ನೈಟ್ರೋಜನ್. ಹವಾ ತುಂಬಿಸುವಾಗ ‘ನೈಟ್ರೋಜನ್ ಹೊಡೀಲೇನ್ರಿ’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡಾ 78 ನೈಟ್ರೋಜನ್ನೇ ಇರುವಾಗ, ಮನೆಯ ಕಾರಿಗೆ ಅದಕ್ಕೆಂದು ಬೇರೆ ಹಣ ಕೊಡಲು ನನಗೆ ಕಾರಣ ಕಾಣುವುದಿಲ್ಲ. ಬೇಡವೆಂದರೆ ಒತ್ತಾಯಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಮೂರನೆಯದಾಗಿ, ಪರದೆ ಕೆಲಸಗಾರನ ಕಡೆಗೇ ಮುಖ ಮಾಡಿದೆ. ಗ್ರಾಹಕರ ಕುರ್ಚಿಗಳು ಹಾಕಿರುವ ಜಾಗದಿಂದ ಕೆಂಪು ಹಸಿರು ಬಿಟ್ಟರೆ ಅಂಕಿ ಓದಲಾಗುವುದಿಲ್ಲ. ಎದ್ದು ಹೋಗಿ ನಿಂತರೆ ಯಾರೂ ಬೇಡವೆನ್ನಲಿಲ್ಲ.

ಹೊಸ ಕಾರುಗಳವರು ಗಮನಿಸಬೇಕಾದ ಇನ್ನೊಂದು ಕೊರತೆಯಿದೆ. ಜಾರುವಿಕೆ ತಡೆಯುವ ಇಎಸ್‌ಪಿ ವ್ಯವಸ್ಥೆ ಇರುವ ಕಾರುಗಳಲ್ಲಿ ಸ್ಟೇರಿಂಗ್ ಎಷ್ಟು ತಿರುಗಿದೆ ಎಂಬುದನ್ನು ಒಂದು ಸೆನ್ಸರ್ ಓದುತ್ತಿರುತ್ತದೆ. ಅಲೈನ್‌ಮೆಂಟಿನಿಂದ ಸ್ಟೇರಿಂಗಿನ ನಡುಸ್ಥಾನ ಬದಲಾದರೆ ಆ ಸೆನ್ಸರಿಗೆ ಹೊಸ ನಡುಸ್ಥಾನವನ್ನು ಸ್ಕ್ಯಾನರ್ ಮೂಲಕ ತಿಳಿಸಬೇಕಾಗಬಹುದು. ಇಲ್ಲದಿದ್ದರೆ ಎಚ್ಚರಿಕೆಯ ದೀಪ ಹತ್ತಿಕೊಂಡು ಉಳಿಯುತ್ತದೆ. ಈ ಅಂಗಡಿಯಲ್ಲಿ ಸ್ಕ್ಯಾನರ್ ಇಲ್ಲ. ಗಾಜಿನ ಹಿಂದೆ ಕ್ಯಾಮೆರಾ ಇಟ್ಟುಕೊಂಡು ತಾನೇ ಬ್ರೇಕ್ ಹಾಕುವ, ಪಥ ಕಾಯುವ ಕಾರುಗಳಿಗಂತೂ ಕಂಪನಿಯ ಸರ್ವಿಸ್ ಕೇಂದ್ರವೇ ತಕ್ಕ ಜಾಗ.

ನಾಲ್ಕು ಚಕ್ರದ ಅಲೈನ್‌ಮೆಂಟಿಗೆ ನನ್ನಿಂದ ತೆಗೆದುಕೊಂಡದ್ದು 450 ರೂಪಾಯಿ, ಮೇಲೆ ಶೇಕಡಾ 18 ಜಿಎಸ್‌ಟಿ. ಬ್ಯಾಲೆನ್ಸಿಂಗಿನ ಹಣ ಬೇರೆ, ವೇಟುಗಳ ಲೆಕ್ಕ ಬೇರೆ. ನಗರದಲ್ಲಿ ಇದಕ್ಕಿಂತ ಅಗ್ಗಕ್ಕೆ ಮಾಡುವವರಿದ್ದಾರೆ, ಟೈರ್ ಕೊಂಡರೆ ಬಿಟ್ಟಿಯಾಗಿಯೂ ಮಾಡಿಕೊಡುತ್ತಾರೆ. ಕಂಪನಿಯ ಶಿಫಾರಸು ಏನೇ ಇರಲಿ, 10,000 ಕಿ.ಮೀ.ಗೊಮ್ಮೆ ಟೈರುಗಳ ಜಾಗ ಬದಲಿಸುವಾಗ ಅಳತೆಯನ್ನೂ ನೋಡಿಸುವುದು, ನಡುವೆ ಬುಷ್, ಟೈ ರಾಡ್ ಎಂಡ್ ಅಥವಾ ಶಾಕಪ್ ಬದಲಿಸಿದರೆ ಕೂಡಲೇ ನೋಡಿಸುವುದು ನಮ್ಮ ರಸ್ತೆಗಳಿಗೆ ಸಾಕಾಗುತ್ತದೆ. ಪ್ರತಿ ಸರ್ವಿಸ್ಸಿಗೂ ಕಣ್ಣುಮುಚ್ಚಿ ಮಾಡಿಸುವ ಅಗತ್ಯವಿಲ್ಲ. ಅಳತೆ ಸರಿಯಿದ್ದರೆ ಕೈ ಹಚ್ಚದೆ ಚೀಟಿ ಮಾತ್ರ ಕೊಡಿ ಎಂದು ಕೇಳಿದ್ದಕ್ಕೆ ಇಲ್ಲಿಯ ಮಾಲಕರು ಒಪ್ಪಿದರು, ಆದರೆ ಹಣದಲ್ಲಿ ಕಡಿತವಿಲ್ಲ ಎಂದರು. ಯಂತ್ರದ ಮೇಲೆ ಹಿಡಿಯುವ ಸಮಯ ಒಂದೇ ಆದ್ದರಿಂದ ಅದು ನ್ಯಾಯವೇ.

ಹೋಗುವವರು ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ಟೈರಿನೊಳಗಿನ ಒತ್ತಡ ಪ್ರತಿ 5-6 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು 1 ಪಿಎಸ್‌ಐ ಏರುತ್ತದೆ; ಬೇಸಿಗೆಯ ಮಧ್ಯಾಹ್ನ ಜೇವರ್ಗಿಯಿಂದ ಭೀಮಾ ಸೇತುವೆ ದಾಟಿ ನೇರ ಅಂಗಡಿಗೆ ಬಂದು ನಿಂತ ಕಾರಿನ ಹವಾ ಬಾಗಿಲ ಕಂಬದ ಚೀಟಿಯಲ್ಲಿರುವುದಕ್ಕಿಂತ ಎಷ್ಟೋ ಮೇಲಿರುತ್ತದೆ, ಅದನ್ನು ಆಗ ಇಳಿಸಿಬಿಟ್ಟರೆ ಮರುದಿನ ಬೆಳಿಗ್ಗೆ ನಾಲ್ಕೂ ಟೈರುಗಳಲ್ಲಿ ಹವಾ ಕಡಿಮೆ. ಡಿಕ್ಕಿಯಲ್ಲಿ ತೊಗರಿ ಬೇಳೆಯ ಚೀಲ, ಸಿಲಿಂಡರ್ ಇಂಥ ಭಾರಗಳಿದ್ದರೆ ಇಳಿಸಿಯೇ ಹೋಗಬೇಕು. ಭಾನುವಾರ ಅಂಗಡಿ ತೆರೆದಿರುತ್ತದೆ, ಆದರೆ ಗಾಣಗಾಪುರಕ್ಕೆ ಹೋಗಿಬರುವ ಹೊರಊರಿನ ಗಾಡಿಗಳ ಸಾಲು ಉದ್ದವಿರುತ್ತದೆ, ಪಿಟ್ಟಿನೊಳಗೆ ಇಳಿಯುವ ಆ ಹುಡುಗ ಅಂದು ರಜೆಯಲ್ಲಿರುತ್ತಾನೆ.